ದ್ವೇಷದ ಲಕ್ಷಣ, ಲಕ್ಷಣದ ದೋಷ

ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿರುವ ಅಮೃತೇಶ್ವರ ದೇವಾಲಯವು ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು 1196 ರಲ್ಲಿ ಕಟ್ಟಿಸಿದ ಶಿವಾಲಯ. ಮಂಟಪದ ಹೊರಗೋಡೆಯ ಮೇಲಿನ ರಾಮಾಯಣ, ಭಾಗವತ, ಭಾರತಗಳ ಶಿಲ್ಪಪಟ್ಟಿಕೆಗಳನ್ನು ನೋಡಲು ಬರುವವರು ಅನೇಕರು. ಮುಖಮಂಟಪದ ಬಳಿಯ ಶಾಸನದ ಮುಂದೆ ಕ್ಷಣಕಾಲ ನಿಲ್ಲುವವರು ವಿರಳ. ಆ ಶಾಸನದ ಪದ್ಯಗಳನ್ನು ರಚಿಸಿದವನು ಕವಿಚಕ್ರವರ್ತಿ ಜನ್ನ. ‘ಯಶೋಧರ ಚರಿತೆ’ಯನ್ನೂ ‘ಅನಂತನಾಥಪುರಾಣ’ವನ್ನೂ ಬರೆದ ಪರಮ ಜಿನಭಕ್ತನೊಬ್ಬನು ಶಿವಾಲಯದ ಶಾಸನವನ್ನು ರಚಿಸಿದನು, ರಚಿಸಬೇಕೆಂದು ಶೈವ ದಂಡನಾಯಕನು ಬಯಸಿದನು. ಇಬ್ಬರಿಗೂ ಅದರಲ್ಲಿ ಅಸಹಜವಾದುದೇನೂ ಕಾಣಲಿಲ್ಲ.

ಸುಮಾರು ಅದೇ ಕಾಲದ ಮತ್ತೊಂದು ಶಾಸನವು ಹಿರೇಕೆರೂರು ತಾಲ್ಲೂಕಿನ ಅಬ್ಬಲೂರಿನಲ್ಲಿದೆ. ಏಕಾಂತದ ರಾಮಯ್ಯನು ಜೈನರೊಡನೆ ತಲೆಯನ್ನೇ ಪಣವಾಗಿಟ್ಟು, ಗೆದ್ದು, ಜಿನಬಿಂಬವನ್ನು ಒಡೆದನೆಂದು ಅದು ಹೆಮ್ಮೆಯಿಂದ ಹೇಳುತ್ತದೆ. ಜೈನರು ಬಿಜ್ಜಳನಲ್ಲಿ ದೂರಿತ್ತರು. ಅರಸನು ಜಯಪತ್ರವನ್ನು ಕೊಟ್ಟದ್ದು ರಾಮಯ್ಯನಿಗೆ. ಅಮೃತಾಪುರದ ಕಲ್ಲನ್ನು ಮಾತ್ರ ಓದಿದವನು ಕನ್ನಡ ನಾಡಿನಲ್ಲಿ ಮತದ್ವೇಷವೇ ಇರಲಿಲ್ಲವೆಂದು ಬರೆಯುತ್ತಾನೆ. ಅಬ್ಬಲೂರಿನ ಕಲ್ಲನ್ನು ಮಾತ್ರ ಓದಿದವನು ದ್ವೇಷದ ಹೊರತು ಬೇರೇನೂ ಇರಲಿಲ್ಲವೆಂದು ಬರೆಯುತ್ತಾನೆ. ಎರಡನ್ನೂ ಓದಿದವನಿಗೆ ಕಷ್ಟವಾದ ಪ್ರಶ್ನೆಯೊಂದು ಎದುರಾಗುತ್ತದೆ. ಒಂದು ಸಮುದಾಯದ ಮೇಲಿನ ದ್ವೇಷವೆಂದರೆ ನಿಶ್ಚಿತವಾಗಿ ಯಾವುದು? ಅದನ್ನು ಗುರುತಿಸುವ ಲಕ್ಷಣವನ್ನು ಬರೆಯಲು ಸಾಧ್ಯವೆ? ಬರೆಯುವ ಅಧಿಕಾರ ಯಾರದು?

ಈ ಪ್ರಶ್ನೆಯನ್ನು ಇತ್ತೀಚಿನ ದಶಕಗಳಲ್ಲಿ ಅತ್ಯಂತ ಪರಿಶ್ರಮದಿಂದ ಎದುರಿಸಿದವರು ಯೆಹೂದಿಗಳು ಮತ್ತು ಅವರು ನೆಲೆಸಿರುವ ದೇಶಗಳ ಸರ್ಕಾರಗಳು. 2016 ರ ಮೇ 26 ರಂದು ರುಮೇನಿಯದ ರಾಜಧಾನಿ ಬುಕಾರೆಸ್ಟಿನಲ್ಲಿ ಸೇರಿದ ಅಂತರರಾಷ್ಟ್ರೀಯ ಹತ್ಯಾಕಾಂಡ ಸ್ಮರಣ ಒಕ್ಕೂಟವು ಯೆಹೂದಿದ್ವೇಷಕ್ಕೆ ಒಂದು ‘ಕಾರ್ಯೋಪಯೋಗಿ’ ಲಕ್ಷಣವನ್ನು ಅಂಗೀಕರಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬ್ರಿಟನ್ ಸರ್ಕಾರವೂ 2017 ರಲ್ಲಿ ಜರ್ಮನಿಯೂ 2019 ರಲ್ಲಿ ಕೆನಡವೂ ಅದನ್ನು ಸ್ವೀಕರಿಸಿದವು. ಅಮೆರಿಕದ ಅಧ್ಯಕ್ಷರು 2019 ರ ಡಿಸೆಂಬರಿನಲ್ಲಿ ಹೊರಡಿಸಿದ ಆದೇಶವು, ವಿದ್ಯಾಲಯಗಳ ವಿರುದ್ಧದ ತಾರತಮ್ಯದ ದೂರುಗಳನ್ನು ಪರಿಶೀಲಿಸುವಾಗ ಈ ಲಕ್ಷಣವನ್ನು ಗಮನಿಸಬೇಕೆಂದು ಇಲಾಖೆಗಳಿಗೆ ಸೂಚಿಸಿತು. ಹೀಗೆ ಸ್ವೀಕರಿಸಿದ ರಾಷ್ಟ್ರಗಳು ನಲವತ್ತಕ್ಕೂ ಹೆಚ್ಚು. ಭಾರತವು ಆ ಒಕ್ಕೂಟದ ಸದಸ್ಯರಾಷ್ಟ್ರವಲ್ಲ.

ದೂರದ ಈ ವಿಷಯವು ಜೈನ ಶ್ರಾವಕನಿಗೆ ಏತಕ್ಕೆಂದು ಕೇಳಬಹುದು. ಮೊದಲನೆಯದಾಗಿ, ಯೆಹೂದಿಗಳು ಕನ್ನಡ ನಾಡಿಗೆ ಅಷ್ಟೇನೂ ದೂರದವರಲ್ಲ. ಜನ್ನನಿಗಿಂತ ಎರಡು ತಲೆಮಾರು ಮೊದಲು, ಸುಮಾರು 1132 ರಿಂದ 1149 ರವರೆಗೆ, ಅಬ್ರಹಾಂ ಬಿನ್ ಯಿಜು ಎಂಬ ಯೆಹೂದಿ ವರ್ತಕನು ಮಂಗಳೂರಿನಲ್ಲಿ ನೆಲೆಸಿ ಮೆಣಸು, ಅಡಕೆ, ಏಲಕ್ಕಿ, ಕಬ್ಬಿಣಗಳ ವ್ಯಾಪಾರ ನಡೆಸುತ್ತಿದ್ದನು. ಕಂಚಿನ ಪಾತ್ರೆಗಳ ಕಾರ್ಖಾನೆಯನ್ನೂ ಇಟ್ಟಿದ್ದನು. ಅವನ ಪತ್ರಗಳು ಕೈರೋ ನಗರದ ಪ್ರಾಚೀನ ಯೆಹೂದಿ ಮಂದಿರದ ಕಾಗದರಾಶಿಯಲ್ಲಿ ದೊರೆತಿವೆ. ಸರಕು ತಡವಾದುದು, ಬಾಕಿ ಬರಬೇಕಾದುದು, ಹಡಗು ಮುಳುಗಿದುದು ಇವೇ ಅವುಗಳ ವಸ್ತು. ಅವನು ತನ್ನ ಮತದ ಕಾರಣದಿಂದ ಈ ಕರಾವಳಿಯಲ್ಲಿ ಹಿಂಸೆಗೊಳಗಾದನೆಂಬ ಸೂಚನೆ ಅವುಗಳಲ್ಲಿಲ್ಲ. ಎರಡನೆಯದಾಗಿ, ಸಂಖ್ಯೆಯಲ್ಲಿ ಅಲ್ಪರಾಗಿ ವ್ಯಾಪಾರದಲ್ಲಿ ಮುಂದಿರುವ ಸಮುದಾಯಗಳ ಮೇಲೆ ಲೋಕವು ಹೊರಿಸುವ ಆರೋಪಗಳು ಎಲ್ಲೆಡೆಯೂ ಒಂದೇ ಅಚ್ಚಿನವು. ಯೂರೋಪಿನಲ್ಲಿ ಯೆಹೂದಿಗೆ ಅಂಟಿಸಿದ ಬಡ್ಡಿಕೋರ, ಜಿಪುಣ, ತನ್ನವರನ್ನಷ್ಟೇ ಬೆಳೆಸುವವ ಎಂಬ ಬಿರುದುಗಳನ್ನು ಇಲ್ಲಿನ ಹಳ್ಳಿಯ ಸಂತೆಯಲ್ಲಿ ‘ಮಾರ್ವಾಡಿ’ ಎಂಬ ಒಂದೇ ಪದದಲ್ಲಿ ಸೇರಿಸಿ ಆಡಲಾಗುತ್ತದೆ. 2025 ರ ಆಗಸ್ಟಿನಲ್ಲಿ ನೆರೆಯ ತೆಲಂಗಾಣದಲ್ಲಿ ‘ಮಾರ್ವಾಡಿಗಳೇ ಹಿಂದಿರುಗಿ’ ಎಂಬ ಚಳವಳಿ ಎದ್ದು ಅಂಗಡಿಬೀದಿಗಳ ಬಂದ್‌ವರೆಗೂ ಹೋಯಿತು. ಅದು ಸ್ಥಳೀಯ ವರ್ತಕರ ವ್ಯಾಪಾರದ ಅಳಲೋ, ಒಂದು ಜನವರ್ಗದ ಮೇಲಿನ ದ್ವೇಷವೋ? ಎರಡೂ ಅದರಲ್ಲಿ ಬೆರೆತಿದ್ದವು. ಬೆರೆತದ್ದನ್ನು ಬೇರ್ಪಡಿಸುವುದೇ ಲಕ್ಷಣದ ಕೆಲಸ.

ಲಕ್ಷಣವು ಬೇಕೆಂದು ಯೆಹೂದಿಗಳಿಗೆ ಅನ್ನಿಸಿದ್ದರಲ್ಲಿ ಕೃತಕವಾದುದೇನೂ ಇಲ್ಲ. ಅರುವತ್ತು ಲಕ್ಷ ಜನರನ್ನು ಕಳೆದುಕೊಂಡ ಸಮುದಾಯ ಅದು. 2008 ರ ನವೆಂಬರಿನಲ್ಲಿ ಮುಂಬಯಿಯ ನಾರಿಮನ್ ಹೌಸ್‌ನಲ್ಲಿ 6 ಜನ, 2018 ರ ಅಕ್ಟೋಬರಿನಲ್ಲಿ ಪಿಟ್ಸ್‌ಬರ್ಗಿನ ಪ್ರಾರ್ಥನಾಮಂದಿರದಲ್ಲಿ 11 ಜನ, 2025 ರ ಡಿಸೆಂಬರ್ 14 ರಂದು ಸಿಡ್ನಿಯ ಬಾಂಡೈ ಕಡಲತೀರದಲ್ಲಿ ಹನುಕ್ಕಾ ದೀಪೋತ್ಸವದ ವೇಳೆ 15 ಜನ ಹತರಾದರು. ಆಸ್ಟ್ರೇಲಿಯ ಸರ್ಕಾರವು 2021 ರಲ್ಲಿಯೇ ಈ ಲಕ್ಷಣವನ್ನು ಸ್ವೀಕರಿಸುವುದಾಗಿ ಪ್ರಕಟಿಸಿತ್ತೆಂಬುದನ್ನು ಇಲ್ಲಿ ನೆನೆಯಬೇಕಾಗುತ್ತದೆ. ಲಕ್ಷಣವು ಗುರುತಿಸಬಲ್ಲದು; ಬಾಗಿಲಲ್ಲಿ ಕಾವಲು ನಿಲ್ಲಲಾರದು. ಆದರೂ ಗುರುತಿಸುವುದು ಸಣ್ಣ ಕೆಲಸವಲ್ಲ. ಆದುದರಿಂದ ಆ ಪಠ್ಯವನ್ನು ಪಕ್ಷವಹಿಸದೆ, ಒಂದು ಲಕ್ಷಣಗ್ರಂಥವನ್ನು ಪರೀಕ್ಷಿಸುವ ರೀತಿಯಲ್ಲಿ ಪರೀಕ್ಷಿಸುವುದು ಯುಕ್ತ.

ಅದಕ್ಕೆ ಬೇಕಾದ ಅಳತೆಗೋಲು ಜೈನ ನ್ಯಾಯಶಾಸ್ತ್ರದಲ್ಲಿಯೇ ಇದೆ. ವಿಜಯನಗರದ ಕಾಲದ ಅಭಿನವ ಧರ್ಮಭೂಷಣ ಯತಿಗಳು ತಮ್ಮ ‘ನ್ಯಾಯದೀಪಿಕೆ’ಯ ಆರಂಭದಲ್ಲಿಯೇ ಲಕ್ಷಣಕ್ಕೆ ಲಕ್ಷಣವನ್ನು ಹೇಳಿದ್ದಾರೆ. ಒಂದರೊಡನೊಂದು ಬೆರೆತಿರುವ ಅನೇಕ ವಸ್ತುಗಳಲ್ಲಿ ಒಂದನ್ನು ಪ್ರತ್ಯೇಕಿಸಲು ಕಾರಣವಾಗುವುದೇ ಲಕ್ಷಣ. ಅದು ಎರಡು ಬಗೆ: ಬೆಂಕಿಗೆ ಬಿಸಿಯಂತೆ ವಸ್ತುವಿನ ಸ್ವರೂಪದಲ್ಲಿಯೇ ಇರುವುದು ಆತ್ಮಭೂತ, ಮನುಷ್ಯನ ಕೈಯ ದಂಡದಂತೆ ಹೊರಗಿನಿಂದ ಸೇರಿದುದು ಅನಾತ್ಮಭೂತ. ಲಕ್ಷಣದಂತೆ ತೋರಿ ಲಕ್ಷಣವಾಗದುದಕ್ಕೆ ಮೂರು ದೋಷಗಳು. ಹಸುವೆಂದರೆ ಕಪಿಲೆ ಬಣ್ಣದ್ದು ಎಂದರೆ ಬೇರೆ ಬಣ್ಣದ ಹಸುಗಳು ಹೊರಗುಳಿಯುತ್ತವೆ, ಇದು ಅವ್ಯಾಪ್ತಿ. ಹಸುವೆಂದರೆ ಪಶು ಎಂದರೆ ಎಮ್ಮೆಯೂ ಒಳಸೇರುತ್ತದೆ, ಇದು ಅತಿವ್ಯಾಪ್ತಿ. ಮನುಷ್ಯನೆಂದರೆ ಕೋಡುಳ್ಳವನು ಎಂಬುದು ಅಸಂಭವ. ಆರು ಶತಮಾನಗಳಿಗೂ ಹಿಂದಿನ ಈ ತಕ್ಕಡಿಯಲ್ಲಿ ಬುಕಾರೆಸ್ಟಿನ ಪಠ್ಯವನ್ನು ತೂಗಬಹುದು.

ಆ ಪಠ್ಯದ ಸಾರವಿಷ್ಟು. ಯೆಹೂದಿದ್ವೇಷವೆಂದರೆ ಯೆಹೂದಿಗಳನ್ನು ಕುರಿತ ‘ಒಂದು ಬಗೆಯ ಗ್ರಹಿಕೆ’; ಅದು ಅವರ ಮೇಲಿನ ಹಗೆಯಾಗಿ ವ್ಯಕ್ತವಾಗಬಹುದು; ಮಾತಿನಲ್ಲಿಯೋ ಕೃತಿಯಲ್ಲಿಯೋ ವ್ಯಕ್ತಿಗಳ, ಸ್ವತ್ತಿನ, ಸಂಸ್ಥೆಗಳ ಮೇಲೆ ತಿರುಗಬಹುದು. ಇದಾದ ಮೇಲೆ 11 ಉದಾಹರಣೆಗಳು. ಅವುಗಳಲ್ಲಿ 7 ಇಸ್ರೇಲ್ ರಾಷ್ಟ್ರಕ್ಕೆ ಸಂಬಂಧಿಸಿದವು. ಬೇರೆ ದೇಶಗಳನ್ನು ಟೀಕಿಸುವಂತೆ ಇಸ್ರೇಲನ್ನು ಟೀಕಿಸುವುದು ಯೆಹೂದಿದ್ವೇಷವಲ್ಲವೆಂದೂ, ಉದಾಹರಣೆಗಳನ್ನು ಒಟ್ಟು ಸಂದರ್ಭವನ್ನು ನೋಡಿ ಅನ್ವಯಿಸಬೇಕೆಂದೂ, ಈ ಲಕ್ಷಣಕ್ಕೆ ಕಾನೂನಿನ ಬಂಧನವಿಲ್ಲವೆಂದೂ ಪಠ್ಯವೇ ಹೇಳುತ್ತದೆ. ಈ ಮೂರು ಎಚ್ಚರಿಕೆಗಳನ್ನು ವಿರೋಧಿಗಳು ಹೇಳದೆ ಬಿಡುವುದುಂಟು; ಬೆಂಬಲಿಗರು ಓದದೆ ಬಿಡುವುದುಂಟು.

ಮೊದಲ ವಾಕ್ಯದಲ್ಲಿಯೇ ತೊಡಕಿದೆ. ‘ಒಂದು ಬಗೆಯ ಗ್ರಹಿಕೆ’ ಎಂದರೆ ಯಾವ ಬಗೆ? ವರ್ತಕನೊಬ್ಬನು ಲೆಕ್ಕದ ಪುಸ್ತಕದಲ್ಲಿ ‘ಒಂದು ಬಗೆಯ ಖರ್ಚು’ ಎಂದು ಬರೆದಿಟ್ಟರೆ ಲೆಕ್ಕಪರಿಶೋಧಕನು ಆ ಪುಟವನ್ನು ದಾಟಿ ಮುಂದೆ ಹೋಗುವುದಿಲ್ಲ. ಬೆರೆತ ವಸ್ತುಗಳಿಂದ ಪ್ರತ್ಯೇಕಿಸುವ ಗುಣವನ್ನೇ ಹೇಳದೆ ಬಿಟ್ಟ ವಾಕ್ಯವು ಲಕ್ಷಣವಾಗುವುದಾದರೂ ಹೇಗೆ? ಎರಡನೆಯದಾಗಿ, ಗ್ರಹಿಕೆಯೇ ದ್ವೇಷವೆಂದರೆ, ಯಾವ ವಿಶೇಷ ಹಗೆಯೂ ಇಲ್ಲದೆ, ರೂಢಿಯೆಂದು, ನಿಯಮವೆಂದು ಯೆಹೂದಿಗಳಿಗೆ ಮನೆಯನ್ನೋ ಕೆಲಸವನ್ನೋ ನಿರಾಕರಿಸುವ ವ್ಯವಸ್ಥೆಯು ಅದರ ಹೊರಗೆ ಉಳಿಯುತ್ತದೆ. ಇದು ಅವ್ಯಾಪ್ತಿ. ಮೂರನೆಯದಾಗಿ, ಮೊದಲ ವಾಕ್ಯವು ಸಡಿಲವಾದುದರಿಂದ ಪಠ್ಯದ ಭಾರವೆಲ್ಲವೂ ಉದಾಹರಣೆಗಳ ಮೇಲೆ ಬೀಳುತ್ತದೆ. ಯೆಹೂದಿಗಳನ್ನು ಕೊಲ್ಲೆಂದು ಕರೆಕೊಡುವುದು, ಹತ್ಯಾಕಾಂಡವೇ ನಡೆಯಲಿಲ್ಲವೆನ್ನುವುದು, ಇಸ್ರೇಲ್ ಮಾಡಿದ ಕೃತ್ಯಕ್ಕೆ ಎಲ್ಲ ಯೆಹೂದಿಗಳನ್ನೂ ಹೊಣೆ ಮಾಡುವುದು, ಇಂತಹ ಉದಾಹರಣೆಗಳು ನಿರ್ವಿವಾದ. ಆದರೆ ಇಸ್ರೇಲಿನಿಂದ ಬೇರೆ ಪ್ರಜಾಪ್ರಭುತ್ವಗಳಿಂದ ನಿರೀಕ್ಷಿಸದ ನಡತೆಯನ್ನು ನಿರೀಕ್ಷಿಸುವುದು, ಆ ರಾಷ್ಟ್ರದ ಅಸ್ತಿತ್ವವನ್ನೇ ಜನಾಂಗಭೇದದ ಉದ್ಯಮವೆನ್ನುವುದು ಇವೂ ಅದೇ ಪಟ್ಟಿಯಲ್ಲಿವೆ. ದ್ವೇಷಿಯು ಇಂತಹ ಮಾತನ್ನು ಆಡಬಹುದು. ಮನೆ ಕಳೆದುಕೊಂಡ ಪ್ಯಾಲೆಸ್ಟೀನಿನವನೂ ಆಡಬಹುದು. ಯೆಹೂದಿ ವಿದ್ವಾಂಸನೇ ಆಡಬಹುದು. ಕೈಯಲ್ಲಿ ದಂಡವಿರುವವನು ದೇವದತ್ತನೆಂದು ಗುರುತು ಹೇಳಿದರೆ, ದಂಡ ಹಿಡಿದ ದಾರಿಹೋಕರೆಲ್ಲರೂ ದೇವದತ್ತರಾದಂತೆ. ಇದು ಅತಿವ್ಯಾಪ್ತಿ.

ಈ ದೋಷವನ್ನು ಮೊದಲು ಎತ್ತಿ ಹೇಳಿದವರಲ್ಲಿ ಆ ಲಕ್ಷಣದ ಮುಖ್ಯ ಕರಡುಗಾರರೇ ಇದ್ದಾರೆಂಬುದು ಗಮನಾರ್ಹ. ಕೆನೆತ್ ಸ್ಟರ್ನ್ ಅವರು ಅಮೆರಿಕನ್ ಯೆಹೂದಿ ಸಮಿತಿಯಲ್ಲಿದ್ದಾಗ ತಜ್ಞರೊಡಗೂಡಿ ಸಿದ್ಧಪಡಿಸಿದ ಪಠ್ಯವನ್ನು ಯೂರೋಪಿನ ಜನಾಂಗಭೇದ ನಿರೀಕ್ಷಣಾ ಕೇಂದ್ರವು 2005 ರಲ್ಲಿ ಪ್ರಕಟಿಸಿತ್ತು. ಬೇರೆ ಬೇರೆ ದೇಶಗಳಲ್ಲಿ ನಡೆದ ಘಟನೆಗಳನ್ನು ಒಂದೇ ಅಳತೆಯಿಂದ ಎಣಿಸಿ ದಾಖಲಿಸುವುದು ಅದರ ಮೂಲ ಉದ್ದೇಶ. 2017 ರ ನವೆಂಬರಿನಲ್ಲಿ ಅಮೆರಿಕದ ಪ್ರತಿನಿಧಿ ಸಭೆಯ ಸಮಿತಿಯ ಮುಂದೆ ಸ್ಟರ್ನ್ ಅವರೇ ಹಾಜರಾಗಿ, ಎಣಿಕೆಗಾಗಿ ಬರೆದ ಪಠ್ಯವನ್ನು ವಿದ್ಯಾಲಯಗಳ ಮಾತಿನ ಮೇಲಿನ ಕಾನೂನಾಗಿಸಬಾರದೆಂದು ವಾದಿಸಿದರು. ಜೋಳ ಅಳೆಯಲು ಮಾಡಿಸಿದ ಕೊಳಗದಿಂದ ಬಂಗಾರವನ್ನು ಅಳೆಯಹೊರಟರೆ ಕೊಳಗ ಮಾಡಿದ ಬಡಗಿ ತಕರಾರು ತೆಗೆಯುವುದು ಸಹಜವೇ. ಬ್ರಿಟನ್ನಿನ ಲೇಬರ್ ಪಕ್ಷವು 2018 ರ ಬೇಸಗೆಯಲ್ಲಿ ಕೆಲವು ಉದಾಹರಣೆಗಳನ್ನು ಬಿಟ್ಟು ತನ್ನದೇ ಸಂಹಿತೆಯನ್ನು ಒಪ್ಪಿ, ಭಾರಿ ಕೋಲಾಹಲದ ನಂತರ ಸೆಪ್ಟೆಂಬರಿನಲ್ಲಿ ಎಲ್ಲವನ್ನೂ ಸ್ವೀಕರಿಸಿದ ಪ್ರಸಂಗವು ಮತ್ತೊಂದು ಪಾಠ: ಪಠ್ಯವು ಒಮ್ಮೆ ನಿಷ್ಠೆಯ ಗುರುತಾಯಿತೆಂದರೆ ಅದರ ಗುಣದೋಷವನ್ನು ವಿಮರ್ಶಿಸುವುದೇ ಅಪರಾಧವೆನಿಸುತ್ತದೆ.

2021 ರ ಮಾರ್ಚಿನಲ್ಲಿ ಸುಮಾರು ಇನ್ನೂರು ವಿದ್ವಾಂಸರು ಜೆರೂಸಲೇಮ್ ಘೋಷಣೆಯೆಂಬ ಮತ್ತೊಂದು ಲಕ್ಷಣವನ್ನು ಪ್ರಕಟಿಸಿದರು. ಯೆಹೂದಿಗಳನ್ನು ಯೆಹೂದಿಗಳೆಂಬ ಕಾರಣಕ್ಕಾಗಿಯೇ ತಾರತಮ್ಯಕ್ಕೆ, ಪೂರ್ವಗ್ರಹಕ್ಕೆ, ಹಗೆಗೆ, ಹಿಂಸೆಗೆ ಗುರಿಮಾಡುವುದು ಎಂಬ ಅರ್ಥದ ಅದರ ವಾಕ್ಯವು ನ್ಯಾಯದೀಪಿಕೆಯ ತಕ್ಕಡಿಯಲ್ಲಿ ಹೆಚ್ಚು ತೂಗುತ್ತದೆ. ‘ಯೆಹೂದಿಗಳೆಂಬ ಕಾರಣಕ್ಕಾಗಿ’ ಎಂಬುದು ಬೆಂಕಿಯ ಬಿಸಿಯಂತೆ ಆತ್ಮಭೂತ. ಅದರ 15 ಸೂಚನೆಗಳಲ್ಲಿ ಕೆಲವು ಎದುರು ಬಣದವರಿಗೆ ಉತ್ತರವಾಗಿ ಬರೆದಂತಿವೆ ಎಂಬುದೂ ಸತ್ಯ. ಆದರೆ ಯಾವ ಸರ್ಕಾರವೂ ಅದರತ್ತ ಅಷ್ಟಾಗಿ ಒಲಿಯಲಿಲ್ಲ.

ಅತಿವ್ಯಾಪ್ತಿಯು ಕೇವಲ ತರ್ಕಶಾಲೆಯ ದೋಷವಲ್ಲವೆಂಬುದಕ್ಕೆ ಜೈನ ಕುಟುಂಬಗಳಿಗೆ ಹತ್ತಿರವಾದ ದೃಷ್ಟಾಂತವಿದೆ. ಬಸದಿಯಲ್ಲಿ ಅಕ್ಕಿಯಿಂದ ಸ್ವಸ್ತಿಕವನ್ನು ಬರೆದು, ಮೇಲೆ ಮೂರು ಚುಕ್ಕೆಗಳನ್ನೂ ಸಿದ್ಧಶಿಲೆಯನ್ನೂ ಇಡುವುದು ಶ್ರಾವಕಿಯರ ನಿತ್ಯದ ಆಚಾರ. ಅದರ ನಾಲ್ಕು ತೋಳುಗಳು ನಾಲ್ಕು ಗತಿಗಳು. ಭಗವಾನ್ ಮಹಾವೀರರ 2500ನೆಯ ನಿರ್ವಾಣೋತ್ಸವದ ಸಂದರ್ಭದಲ್ಲಿ ಎಲ್ಲ ಸಂಪ್ರದಾಯಗಳೂ ಒಪ್ಪಿದ ಜೈನ ಪ್ರತೀಕದಲ್ಲಿಯೂ ಅದಿದೆ. ಜರ್ಮನಿಯ ನಾತ್ಸಿಗಳು ತಮ್ಮ ಕೊಕ್ಕೆಯ ಶಿಲುಬೆಯನ್ನು ಆ ಆಕಾರದಲ್ಲಿ ಬಳಸಿದ್ದರಿಂದ ಪಶ್ಚಿಮದ ಕಣ್ಣಿಗೆ ಅದು ಯೆಹೂದಿದ್ವೇಷದ ಚಿಹ್ನೆ. ಮಂಗಳೂರಿನಿಂದಲೋ ಬೆಳಗಾವಿಯಿಂದಲೋ ಹೋಗಿ ಮೆಲ್ಬೋರ್ನಿನಲ್ಲಿ ಗೃಹಪ್ರವೇಶ ಮಾಡುವ ಕನ್ನಡ ಜೈನ ಕುಟುಂಬವು ಹೊಸ್ತಿಲ ಮೇಲೆ ಸ್ವಸ್ತಿಕವನ್ನು ಬರೆದರೆ ಅದು ಪೂಜೆಯೋ ಅಪರಾಧವೋ? ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯವು 2022 ರಲ್ಲಿ ನಾತ್ಸಿ ಚಿಹ್ನೆಯನ್ನು ನಿಷೇಧಿಸಿದಾಗ, ಬೌದ್ಧ, ಹಿಂದೂ, ಜೈನ ಸಮುದಾಯಗಳಿಗೆ ಸ್ವಸ್ತಿಕವು ಪವಿತ್ರವೆಂದು ಕಾಯಿದೆಯಲ್ಲಿಯೇ ಗುರುತಿಸಿ ಧಾರ್ಮಿಕ ಬಳಕೆಯನ್ನು ಹೊರಗಿಟ್ಟಿತು. ಅದೇ ವರ್ಷ ಕ್ಯಾಲಿಫೋರ್ನಿಯದ ಶಾಸನಸಭೆಯು ತನ್ನ ಕಾಯಿದೆಯಲ್ಲಿ ನಾತ್ಸಿಗಳ ಚಿಹ್ನೆಗೆ ‘ಹಾಕೆನ್‌ಕ್ರಾಯಿಟ್ಸ್’ ಎಂಬ ಜರ್ಮನ್ ಹೆಸರನ್ನೇ ಬರೆದು ಪ್ರಾಚೀನ ಸ್ವಸ್ತಿಕದಿಂದ ಬೇರ್ಪಡಿಸಿತು. ಆಕಾರದಿಂದ ಲಕ್ಷಣ ಹೇಳಿದರೆ ಬಸದಿಯೂ ಸಿಕ್ಕಿಬೀಳುತ್ತದೆ. ಪ್ರಯೋಗದಿಂದ ಹೇಳಿದರೆ ಬಿಡುಗಡೆಯಾಗುತ್ತದೆ. ಈ ತಿದ್ದುಪಡಿಗಳು ತಾವಾಗಿ ಬರಲಿಲ್ಲ. ಹಿಂದೂ, ಬೌದ್ಧ, ಜೈನ ಸಂಸ್ಥೆಗಳು ಯೆಹೂದಿ ಸಂಸ್ಥೆಗಳೊಡನೆ ಕುಳಿತು ಮಾತನಾಡಿದ ಫಲ ಅವು.

ಸ್ವದೇಶದಲ್ಲಿಯೂ ಲಕ್ಷಣದ ಏಟು ಜೈನರಿಗೆ ಬಿದ್ದದ್ದುಂಟು. 2015 ರ ಆಗಸ್ಟ್ 10 ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಯ ಲಕ್ಷಣದೊಳಗೆ ಸೇರಿಸಿತು. ಅದೇ ತಿಂಗಳ 31 ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. ಕಷಾಯದಿಂದ ದೇಹವನ್ನು ಕೊಲ್ಲುವುದಕ್ಕೂ ಕಷಾಯವನ್ನು ಕೃಶಗೊಳಿಸಿ ದೇಹವನ್ನು ಬಿಡುವುದಕ್ಕೂ ಇರುವ ಅಂತರವು ಹೊರಗಿನ ಕ್ರಿಯೆಯನ್ನಷ್ಟೇ ನೋಡುವ ಲಕ್ಷಣಕ್ಕೆ ಕಾಣಲಿಲ್ಲ.

ಇನ್ನು ಕರ್ನಾಟಕದ ಮಾತು. 2025 ರ ಡಿಸೆಂಬರಿನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ವಿಧಾನಮಂಡಲವು ದ್ವೇಷಭಾಷಣ ಮತ್ತು ದ್ವೇಷಾಪರಾಧಗಳ ಪ್ರತಿಬಂಧಕ ಮಸೂದೆಯನ್ನು ವಿರೋಧಪಕ್ಷದ ಗದ್ದಲದ ನಡುವೆ ಅಂಗೀಕರಿಸಿತು. ಬುಕಾರೆಸ್ಟಿನ ಪಠ್ಯವು ಒಂದು ಸಮುದಾಯಕ್ಕೆ ಸೀಮಿತ. ಇದು ಧರ್ಮ, ಜಾತಿ, ಲಿಂಗ, ಭಾಷೆ, ಜನ್ಮಸ್ಥಳ, ಅಂಗವೈಕಲ್ಯ ಮೊದಲಾದ ಎಲ್ಲ ಭೇದಗಳನ್ನೂ ಒಳಗೊಳ್ಳುತ್ತದೆ. ಆ ಮಟ್ಟಿಗೆ ಇದು ಸಮದೃಷ್ಟಿಯದು. ಯಾರ ದ್ವೇಷಕ್ಕೆ ಮೊದಲ ಮಣೆ ಎಂಬ ಜಗಳಕ್ಕೆ ಎಡೆಯಿಲ್ಲ. ಆದರೆ ವ್ಯಕ್ತಿಗಾಗಲಿ ಗುಂಪಿಗಾಗಲಿ, ಬದುಕಿರುವವರಿಗಾಗಲಿ ಸತ್ತವರಿಗಾಗಲಿ ಹಾನಿಯನ್ನು, ವೈಮನಸ್ಯವನ್ನು, ದುರ್ಭಾವನೆಯನ್ನು ಉಂಟುಮಾಡುವ ಉದ್ದೇಶದ ಅಭಿವ್ಯಕ್ತಿಯೆಲ್ಲವೂ ಅದರ ವ್ಯಾಪ್ತಿಯಲ್ಲಿದೆ. ಶಿಕ್ಷೆಯು ಒಂದರಿಂದ ಏಳು ವರ್ಷಗಳ ಸೆರೆವಾಸ ಮತ್ತು 50,000 ರೂಪಾಯಿ ದಂಡ. ಅಪರಾಧವು ಜಾಮೀನಿಗೆ ಅರ್ಹವಲ್ಲದ್ದು. ಅಪರಾಧವು ಸಂಸ್ಥೆಯದಾದರೆ ಅದರ ಉಸ್ತುವಾರಿ ಹೊತ್ತವರೂ ಹೊಣೆಗಾರರೆಂಬ ಅಂಶವನ್ನು ಬಸದಿಗಳ ಟ್ರಸ್ಟಿಗಳು ಎರಡು ಸಲ ಓದಬೇಕು. ‘ದುರ್ಭಾವನೆ’ ಎಂಬ ಪದವು ಬುಕಾರೆಸ್ಟಿನ ‘ಗ್ರಹಿಕೆ’ಯ ಸೋದರನೇ ಸರಿ.

ಈ ಬಲೆಯಲ್ಲಿ ಮೊದಲು ಬೀಳುವವರು ಯಾರೆಂದು ಯೋಚಿಸಿದರೆ ಕನ್ನಡ ಜೈನ ಸಾಹಿತ್ಯವೇ ನೆನಪಾಗುತ್ತದೆ. ಹನ್ನೆರಡನೆಯ ಶತಮಾನದ ಬ್ರಹ್ಮಶಿವನು ‘ಸಮಯಪರೀಕ್ಷೆ’ಯಲ್ಲಿ ಅನ್ಯಸಮಯಗಳ ದೇವರು, ವ್ರತ, ಆಚಾರಗಳನ್ನು ಸ್ವಲ್ಪವೂ ಸಂಕೋಚವಿಲ್ಲದೆ ಹಾಸ್ಯಕ್ಕೆಳೆದಿದ್ದಾನೆ. ವೃತ್ತವಿಲಾಸನ ‘ಧರ್ಮಪರೀಕ್ಷೆ’ಯು ಪುರಾಣಕಥೆಗಳನ್ನು ಲೇವಡಿಯಿಂದ ಕೆಡಹುತ್ತದೆ. ಜೈನರು ಯಾವಾಗಲೂ ಏಟು ತಿಂದವರೇ ಹೊರತು ಚುಚ್ಚಿದವರಲ್ಲವೆಂದು ಉತ್ಸವಗಳ ಭಾಷಣದಲ್ಲಿ ಹೇಳುವುದುಂಟು. ಗ್ರಂಥಭಂಡಾರವು ಆ ಮಾತನ್ನು ಒಪ್ಪುವುದಿಲ್ಲ. ವಿಜ್ಞಾನ, ಸಾಹಿತ್ಯ, ಕಲೆ, ವಿದ್ಯೆಗಳ ಹಿತಕ್ಕಾಗಿ ಬರೆದುದಕ್ಕೂ ಪ್ರಾಮಾಣಿಕ ಧಾರ್ಮಿಕ ಉದ್ದೇಶಕ್ಕೂ ಮಸೂದೆಯು ವಿನಾಯಿತಿ ಕೊಟ್ಟಿದೆಯೆಂಬುದು ನಿಜ. ಆದರೆ ವಿನಾಯಿತಿಯನ್ನು ನ್ಯಾಯಾಧೀಶರು ಗುರುತಿಸುವುದು ವಿಚಾರಣೆಯ ಕೊನೆಯಲ್ಲಿ. ಠಾಣೆಗೆ ಕರೆಯುವುದು ಆರಂಭದಲ್ಲಿ. ಇದಕ್ಕೆ ಹೋಲಿಸಿದರೆ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯವನ್ನು ತಡೆಯುವ 1989 ರ ಕೇಂದ್ರ ಕಾಯಿದೆಯ ರೀತಿ ಬೇರೆ. ಅದು ಮುಖ್ಯವಾಗಿ ಕೃತ್ಯಗಳನ್ನು ಒಂದೊಂದಾಗಿ ಹೆಸರಿಸುತ್ತದೆ: ತಿನ್ನಬಾರದ್ದನ್ನು ತಿನ್ನಿಸುವುದು, ಭೂಮಿಯನ್ನು ಕಸಿಯುವುದು, ನೀರಿನ ಮೂಲವನ್ನು ಕೆಡಿಸುವುದು. ಓದಿದವನಿಗೆ ಯಾವುದು ನಿಷಿದ್ಧವೆಂಬುದು ತಿಳಿಯುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಭಾವಕ್ಕೆ ಪ್ರಾಧಾನ್ಯ ಕೊಟ್ಟ ಧರ್ಮವೇ ಜೈನಧರ್ಮವಲ್ಲವೆ? ಉಮಾಸ್ವಾಮಿಗಳು ಹಿಂಸೆಯ ಲಕ್ಷಣದಲ್ಲಿ ಪ್ರಾಣವಿಯೋಗದ ಜೊತೆಗೆ ಪ್ರಮಾದವನ್ನೂ ಸೇರಿಸಲಿಲ್ಲವೆ? ಜನ್ನನ ಕಾವ್ಯದಲ್ಲಿ ಯಶೋಧರನು ಕೊಯ್ದದ್ದು ಹಿಟ್ಟಿನ ಕೋಳಿಯನ್ನು. ದ್ರವ್ಯದೃಷ್ಟಿಯಿಂದ ಒಂದು ಜೀವವೂ ಹೋಗಲಿಲ್ಲ. ಆದರೂ ಸಂಕಲ್ಪಹಿಂಸೆಯ ಫಲವಾಗಿ ಅವನೂ ತಾಯಿ ಚಂದ್ರಮತಿಯೂ ಜನ್ಮಜನ್ಮಾಂತರಗಳಲ್ಲಿ ತೊಳಲಿದರು. ಹಾಗಾದರೆ ಸರ್ಕಾರವು ಗ್ರಹಿಕೆಯನ್ನು ಅಪರಾಧವೆಂದರೆ ಜೈನನು ಒಪ್ಪಬೇಕಲ್ಲವೆ? ಆಕ್ಷೇಪವು ತೂಕವುಳ್ಳದ್ದು, ಉತ್ತರವೂ ಅದೇ ಕಾವ್ಯದಲ್ಲಿದೆ. ಯಶೋಧರನನ್ನು ಯಾವ ಅರಸನ ತಳವಾರನೂ ಹಿಡಿಯಲಿಲ್ಲ. ಅವನನ್ನು ಹಿಡಿದದ್ದು ಅವನದೇ ಕರ್ಮ, ಅದಕ್ಕೆ ಸಾಕ್ಷಿಯೂ ಬೇಡ, ವಾದವೂ ಬೇಡ. ಪರರ ಭಾವವನ್ನು ತಪ್ಪಿಲ್ಲದೆ ಪೂರ್ಣವಾಗಿ ಅರಿಯುವ ಜ್ಞಾನವು ಕೇವಲಿಗಳಿಗೆ ಮಾತ್ರ. ಪೊಲೀಸ್ ಠಾಣಾಧಿಕಾರಿಗೆ ಆ ಜ್ಞಾನವನ್ನು ಯಾವ ಗಜೆಟ್ಟಿನಿಂದಲೂ ಕೊಡಲಾಗದು. ಭಾವಹಿಂಸೆಯ ಲೆಕ್ಕವು ಕರ್ಮದ ಖಾತೆಗೆ, ದ್ರವ್ಯಹಿಂಸೆಯ ಲೆಕ್ಕವು ರಾಜನ ಖಾತೆಗೆ ಸೇರಿದ್ದು. ಒಂದರ ಬಾಕಿಯನ್ನು ಮತ್ತೊಂದರಲ್ಲಿ ಬರೆದರೆ ಎರಡೂ ತಾಳೆಯಾಗುವುದಿಲ್ಲ. ರಾಜನು ಉದ್ದೇಶವನ್ನು ನೋಡಲೇಬಾರದೆಂದಲ್ಲ. ಕೃತ್ಯವೊಂದು ಮೊದಲು ಕಣ್ಣಿಗೆ ಕಾಣಬೇಕು, ಉದ್ದೇಶವು ಅದರ ಜೊತೆಗೆ ಸಿದ್ಧವಾಗಬೇಕು ಎಂಬಷ್ಟೇ ತಾತ್ಪರ್ಯ.

2023 ರ ಜುಲೈಯಲ್ಲಿ ಚಿಕ್ಕೋಡಿ ತಾಲ್ಲೂಕಿನ ಹಿರೇಕೋಡಿಯಲ್ಲಿ ಆಚಾರ್ಯ ಕಾಮಕುಮಾರನಂದಿ ಮಹಾರಾಜರ ಹತ್ಯೆಯಾದಾಗ ಸಮಾಜವು ತತ್ತರಿಸಿತು. ಹಣದ ವ್ಯವಹಾರವೇ ಕಾರಣವೆಂದು ಪೊಲೀಸರು ತಿಳಿಸಿದರು. ಆ ದಿನಗಳಲ್ಲಿ ಅದಕ್ಕೆ ಮತದ್ವೇಷದ ಬಣ್ಣ ಹಚ್ಚುವ ಮಾತುಗಳೂ ಕೇಳಿಬಂದವು. ಶಾಂತಿಯಿಂದ ಇರಬೇಕೆಂದು ಹೇಳಿದ ಹಿರಿಯರೂ ಇದ್ದರು. ಯಾವ ಲಕ್ಷಣದಿಂದ ಅಳೆದರೂ ಅದು ಜೈನದ್ವೇಷದ ಕೃತ್ಯವಾಗುವುದಿಲ್ಲ. ಆದರೆ ವಿಹಾರದಲ್ಲಿ ಬರಿಗಾಲಲ್ಲಿ ನಡೆಯುವ ತ್ಯಾಗಿಗಳಿಗೆ ರಕ್ಷಣೆ ಬೇಕೆಂಬ ಬೇಡಿಕೆಯು ಅದರಿಂದ ಸುಳ್ಳಾಗುವುದೂ ಇಲ್ಲ. ದ್ವೇಷವೆಂದು ಸಿದ್ಧವಾದರೆ ಮಾತ್ರ ರಕ್ಷಣೆ ಎಂಬ ಲೆಕ್ಕಾಚಾರವು ಸಮುದಾಯಗಳನ್ನು ಪ್ರತಿಯೊಂದು ದುಃಖಕ್ಕೂ ದ್ವೇಷದ ಹೆಸರಿಡುವಂತೆ ಪ್ರೇರೇಪಿಸುತ್ತದೆ. ಸರ್ಕಾರವು ಲಕ್ಷಣಗಳನ್ನು ಸ್ವೀಕರಿಸುವುದರಿಂದ ಆಗುವ ಹಾನಿಗಳಲ್ಲಿ ಇದು ಕಡಿಮೆ ಚರ್ಚೆಯಾದುದು.

ಜೈನದ್ವೇಷಕ್ಕೂ ಇಂತಹ ಲಕ್ಷಣವೊಂದನ್ನು ಸರ್ಕಾರದಿಂದ ಬರೆಯಿಸಬೇಕೆಂದು ಬಯಸುವವರು ಒಮ್ಮೆ ಶ್ರವಣಬೆಳಗೊಳದ ಭಂಡಾರಿ ಬಸದಿಯ ಬುಕ್ಕರಾಯನ ಶಾಸನವನ್ನು ಓದಬೇಕು. 1368 ರ ಆ ಶಾಸನಕ್ಕೆ ಕಾರಣವು ಸ್ಪಷ್ಟ: ಶ್ರೀವೈಷ್ಣವರಿಂದ ಆದ ಅನ್ಯಾಯವನ್ನು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ನಾಡುಗಳ ಭವ್ಯರು ಅರಸನಲ್ಲಿ ಬಿನ್ನವಿಸಿಕೊಂಡರು. ಅರಸನು ವೈಷ್ಣವ ಮುಖ್ಯರೆಲ್ಲರನ್ನೂ ಕೂಡಿಸಿ, ಜೈನರ ಕೈಯನ್ನು ಅವರ ಕೈಯಲ್ಲಿ ಇರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಈ ಮಾತನ್ನೇ ಎಲ್ಲರೂ ಉದ್ಧರಿಸಿ ನಿಲ್ಲುತ್ತಾರೆ. ಶಾಸನದ ಬಲವಿರುವುದು ಅದರ ಮುಂದೆ. ಜೈನದರ್ಶನಕ್ಕೆ ಪಂಚಮಹಾವಾದ್ಯವೂ ಕಲಶವೂ ಸಲ್ಲುತ್ತವೆ; ಜೈನದರ್ಶನಕ್ಕೆ ಹಾನಿಯಾದರೆ ವೈಷ್ಣವರು ಅದನ್ನು ತಮ್ಮ ದರ್ಶನಕ್ಕಾದ ಹಾನಿಯೆಂದೇ ಎಣಿಸಬೇಕು; ರಾಜ್ಯದ ಪ್ರತಿ ಜೈನ ಮನೆಯಿಂದ ವರ್ಷಕ್ಕೊಂದು ಹಣವೆತ್ತಿ, ಬೆಳಗೊಳದ ದೇವರಿಗೆ 20 ಮಂದಿ ಅಂಗರಕ್ಷಕರನ್ನು ನೇಮಿಸಬೇಕು; ಉಳಿದ ಹಣದಿಂದ ಜೀರ್ಣ ಬಸದಿಗಳಿಗೆ ಸುಣ್ಣವಿಕ್ಕಿಸಬೇಕು; ಇದನ್ನು ನಡೆಸುವ ಹೊಣೆ ತಿರುಮಲೆಯ ತಾತಯ್ಯನದು. ತಪ್ಪಿದವನು ರಾಜದ್ರೋಹಿ, ಸಂಘ ಸಮುದಾಯಗಳಿಗೆ ದ್ರೋಹಿ.

ಯಾರ ಗ್ರಹಿಕೆ ಎಂಥದೆಂದು ಈ ಶಾಸನವು ವಿಚಾರಿಸುವುದಿಲ್ಲ. ವಾದ್ಯ, ಕಲಶ, ಕಾವಲು, ಹಣ, ಸುಣ್ಣ. ಎಲ್ಲವೂ ಕಣ್ಣಿಗೆ ಕಾಣುವವು, ಎಣಿಸಬಲ್ಲವು. ಜೈನರ ಹಣವನ್ನು ಜೈನರ ರಕ್ಷಣೆಗೆ ವಿನಿಯೋಗಿಸುವ ಹೊಣೆಯನ್ನು ಎದುರು ಪಕ್ಷದ ಹಿರಿಯನಿಗೇ ಒಪ್ಪಿಸಿದ ಏರ್ಪಾಟಿನಲ್ಲಿ ಅರಸನ ಲೋಕಾನುಭವವಿದೆ. ಆದರೆ ಇದನ್ನು ಆದರ್ಶವೆಂದು ಹೊಗಳುವಾಗ ಅದರ ಇನ್ನೊಂದು ಮುಖವನ್ನು ಮರೆಯಲಾಗದು. ಅನ್ಯಾಯಕ್ಕೊಳಗಾದವರೇ ತಮ್ಮ ಕಾವಲಿನ ಖರ್ಚನ್ನು ತೆರಬೇಕಾಯಿತು. ಇಂದು ಯೂರೋಪಿನ ಅನೇಕ ಯೆಹೂದಿ ಮಂದಿರಗಳು ಮಾಡುತ್ತಿರುವುದೂ ಅದನ್ನೇ.

ಕೃತ್ಯಕ್ಕೆ ಸೀಮಿತವಾದ ಒಪ್ಪಂದವೂ ಅವಮಾನವನ್ನು ಒಳಗೊಂಡಿರಬಹುದೆಂಬುದಕ್ಕೆ 1638 ರ ಹಳೇಬೀಡಿನ ಶಾಸನವು ಸಾಕ್ಷಿ. ಹುಚ್ಚಪ್ಪದೇವನೆಂಬವನು ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನೊತ್ತಿದನು, ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು, ಕಲಹವಾಯಿತು. ವೀರಶೈವ ಮಹಾಮಹತ್ತು ಕೂಡಿ ಮಾಡಿದ ತೀರ್ಮಾನದಂತೆ ಜೈನರು ಮೊದಲು ವಿಭೂತಿ ವೀಳ್ಯಗಳನ್ನು ಕೊಡಿಸಿ, ಆಮೇಲೆ ತಮ್ಮ ಪೂಜೆಯನ್ನು ಆಚಂದ್ರಾರ್ಕವಾಗಿ ನಡೆಸಬಹುದಾಯಿತು. ಜಿನಧರ್ಮಕ್ಕೆ ಅಡ್ಡಿಮಾಡಿದವನು ಮಹಾಮಹತ್ತಿಗೆ ದ್ರೋಹಿಯೆಂದೂ ಅಲ್ಲಿಯೇ ಬರೆದಿದೆ. ರಕ್ಷಣೆಯೂ ತಲೆಬಾಗಿಸುವಿಕೆಯೂ ಒಂದೇ ಕಲ್ಲಿನಲ್ಲಿವೆ. ಬಸದಿ ಉಳಿಯಿತು.

ಬೆಳಗೊಳದ ಶಾಸನಕ್ಕೆ ಮತ್ತೆ ಮರಳಿದರೆ, ಅದರ ಕೊನೆಯಲ್ಲಿ ಇನ್ನೊಂದು ಸಂಗತಿಯಿದೆ. ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಬರಮಾಡಿಕೊಂಡು, ಆ ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದನು. ಅಂದರೆ ಆಜ್ಞೆ ಹೊರಟಿತೆಂದು ಆ ವರ್ತಕನು ಸುಮ್ಮನಾಗಲಿಲ್ಲ. ಹಿಂದೆಬಿದ್ದು, ಎದುರು ಸಮಯದ ಹಿರಿಯನನ್ನೇ ಕರೆಸಿ, ಅದನ್ನು ಊರ್ಜಿತಗೊಳಿಸಿದನು. ಆಗ ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು.